ಪ್ರಾಡಕ್ಟ್ ಡಿಸೈನ್ ಅಂದರೆ ವಸ್ತುಗಳನ್ನು ಚೆಂದ ಕಾಣಿಸುವ ಕೆಲಸ ಅಷ್ಟೇನಾ?

ಪಿಯುಸಿ ಮುಗಿಸಿದ ತಮ್ಮ ಪ್ರಾಡಕ್ಟ್ ಡಿಸೈನ್ ಓದುತ್ತೇನೆ ಅನ್ನುತ್ತಿದ್ದಾನೆ, ಅದು ವಸ್ತುಗಳಿಗೆ ಶೋಕಿ ರೂಪ ಕೊಡುವ ಕೆಲಸ ತಾನೇ ಎಂದು ಕೇಳಿದ್ದೀರಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಮ್ಮ ಮಾತು ಮುಕ್ಕಾಲು ಪಾಲು ನಿಜವಾಗಿತ್ತು. ಅದು ಮಿಕ್ಸಿ ಮಾಡುವ ಕಂಪನಿ. ಮೋಟರ್, ಜಾರ್, ಬೆಲೆ ಎಲ್ಲ ಮೊದಲೇ ತೀರ್ಮಾನ ಆಗಿರುತ್ತಿತ್ತು. ಕೊನೆಗೆ ನಮ್ಮನ್ನು ಕರೆದು, ‘ಇದಕ್ಕೊಂದು ಒಳ್ಳೆ ಬಾಡಿ ಮಾಡಿಕೊಡಿ’ ಅನ್ನುತ್ತಿದ್ದರು. ಮದುವೆಮನೆಯಲ್ಲಿ ಅಡುಗೆಯೆಲ್ಲ ಆದ ಮೇಲೆ ಎಲೆ ತೊಳೆಯಲು ಕರೆದ ಹಾಗೆ. ಮನೆಗೊಂದು ತಂದುಕೊಟ್ಟೆ. ಅಮ್ಮ ಬಣ್ಣದ ಕಡೆ ನೋಡಲೇ ಇಲ್ಲ, ‘ಏನೋ ಇದು, ಇಷ್ಟು ಸದ್ದು!’ ಅಂದರು. ಸದ್ದು ನನ್ನ ಕೈಯಲ್ಲಿ ಇರಲಿಲ್ಲ. ಬಣ್ಣ ಮಾತ್ರ ಇತ್ತು.

ಆದರೆ ಈ ಕೆಲಸ ಎಷ್ಟು ದೂರ ಹೋಗಬಹುದು ಅಂತ ಯಾರಾದರೂ ಕೇಳಿದರೆ ನಾನು ಮತಯಂತ್ರವನ್ನು ತೋರಿಸುತ್ತೇನೆ. (ಅದರ ರಾಜಕೀಯ ಜಗಳ ಇಲ್ಲಿ ಬೇಡ.) ಐಐಟಿ ಬಾಂಬೆಯ ಡಿಸೈನ್ ವಿಭಾಗದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅದರ ವಿನ್ಯಾಸದಲ್ಲಿ ದುಡಿದವರು. ತಯಾರಾಗುವುದು ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಗಳಲ್ಲಿ. 1982ರಲ್ಲಿ ಕೇರಳದ ಪರವೂರಿನ ಕೆಲವು ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ಆಯಿತು. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ಇಡೀ ದೇಶಕ್ಕೆ ಬಂತು.

ನೋಡೋಕೆ ಏನೂ ಚೆಂದ ಇಲ್ಲ ಅಲ್ವಾ? ಒಂದು ಬೂದು ಡಬ್ಬಿ. ಈಗ ಅದನ್ನು ಬಳಸುವವರನ್ನು ನೆನೆಯಿರಿ. ಓದಲು ಬಾರದ ಅಜ್ಜಿ ಚಿಹ್ನೆ ನೋಡಿ ಪಕ್ಕದ ನೀಲಿ ಗುಂಡಿ ಒತ್ತಬೇಕು. ದೀಪ ಹೊತ್ತುತ್ತದೆ, ಉದ್ದಕ್ಕೆ ಬೀಪ್ ಕೇಳುತ್ತದೆ, ಮತ ಬಿತ್ತೆಂದು ಗೊತ್ತಾಗುತ್ತದೆ. ಕರೆಂಟ್ ಇಲ್ಲದ ಊರಲ್ಲೂ ನಡೆಯಬೇಕು, ಅದಕ್ಕೆ ಬ್ಯಾಟರಿ. ನನಗೆ ತುಂಬಾ ಹಿಡಿಸಿದ್ದು ಯಂತ್ರ ಎರಡು ತುಂಡಾಗಿರುವುದು. ಒಂದು ಮರೆಯಲ್ಲಿ ಮತದಾರರ ಮುಂದೆ, ಇನ್ನೊಂದು ಅಧಿಕಾರಿಯ ಮೇಜಿನ ಮೇಲೆ. ಅಧಿಕಾರಿ ಪ್ರತಿ ಸಲ ಗುಂಡಿ ಒತ್ತಿ ಬಿಟ್ಟರೆ ಮಾತ್ರ ಮುಂದಿನ ಮತ. ನಿಮಿಷಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಬೀಳುವುದಿಲ್ಲ. ಹಿಂದೆ ಮತಗಟ್ಟೆಗೆ ನುಗ್ಗಿದವರು ಮತಪತ್ರದ ಕಟ್ಟಿಗೇ ಮುದ್ರೆ ಒತ್ತಿ ಹೋಗುತ್ತಿದ್ದರು. ಇಲ್ಲಿ ಅವರು ಗಂಟೆಗಟ್ಟಲೆ ನಿಂತು ಒತ್ತಬೇಕು, ಅಷ್ಟರಲ್ಲಿ ಪೊಲೀಸ್ ಬಂದಿರುತ್ತಾರೆ! ಈ ನಿಧಾನವನ್ನೂ ಯಾರೋ ಕೂತು ಯೋಚಿಸಿದ್ದಾರೆ.

ಈಗ ‘ಪ್ರಾಡಕ್ಟ್ ಡಿಸೈನರ್ ಬೇಕಾಗಿದ್ದಾರೆ’ ಅನ್ನುವ ಜಾಹೀರಾತುಗಳಲ್ಲಿ ಬಹುಪಾಲು ಆ್ಯಪ್ ಕಂಪನಿಗಳದ್ದು. ತಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ. ನಾನೂ ಹಾಗೇ ಪ್ಲಾಸ್ಟಿಕ್ ಬಿಟ್ಟು ಆ್ಯಪ್ ಪರದೆಗಳ ವಿನ್ಯಾಸಕ್ಕೆ ಬಂದವನು. ಇಲ್ಲಿ ಮರ್ಯಾದೆ ಜಾಸ್ತಿ. ಏನು ಮಾಡಬೇಕು, ಯಾರಿಗೆ ಮಾಡಬೇಕು ಎಂಬ ಮಾತುಕತೆಯಲ್ಲೇ ನಮ್ಮನ್ನು ಕೂರಿಸಿಕೊಳ್ಳುತ್ತಾರೆ. ತರಕಾರಿ ಗಾಡಿಯಲ್ಲಿ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲಿ ಕೂಗುವ ಪುಟ್ಟ ಸ್ಪೀಕರ್ ಇಂಥ ಯೋಚನೆಯ ಫಲ. ಕೈ ತುಂಬ ಸೊಪ್ಪು ಹಿಡಿದವರು ಫೋನ್ ತೆಗೆದು ನೋಡುವುದು ಹೇಗೆ?

ಅಧಿಕಾರ ಬಂದ ಮೇಲೆ ಅದನ್ನು ಕೆಟ್ಟದಕ್ಕೂ ಬಳಸಬಹುದು. ಹಿಂದೆ ಒಂದು ಕಡೆ, ಚಂದಾ ರದ್ದು ಮಾಡುವ ಗುಂಡಿ ಸುಲಭಕ್ಕೆ ಕಾಣದ ಹಾಗೆ ಮಸುಕಾಗಿ ಮಾಡು ಅಂದರು. ಮಾಡಿಕೊಟ್ಟೆ, ಸುಳ್ಳು ಯಾಕೆ ಹೇಳಲಿ. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಓದಿ ನೋಡಿದರೆ ನನ್ನ ಕೈಚಳಕವೂ ಅದರಲ್ಲಿತ್ತು.

ಓದುವ ವಿಷಯಕ್ಕೆ ಬಂದರೆ, ಐಐಟಿಗಳ ಡಿಸೈನ್ ಪದವಿಗೆ ಯುಸೀಡ್ ಪರೀಕ್ಷೆ ಇದೆ. ಸೈನ್ಸೇ ಓದಿರಬೇಕು ಅಂತಿಲ್ಲ. ಚಿತ್ರ ಬಿಡಿಸುವ ಪ್ರಶ್ನೆ ಇರುತ್ತದೆ, ಅಭ್ಯಾಸ ಬೇಕು. ಅದಕ್ಕೂ ಮೊದಲು ಒಂದು ವಾರ ಅವನನ್ನು ಅಡುಗೆಮನೆಯಲ್ಲಿ ಸುಮ್ನೆ ಕೂರಿಸಿ, ಅಮ್ಮ ಯಾವುದಕ್ಕೆಲ್ಲ ಬೈಯುತ್ತಾರೆ ಅಂತ ಬರೆದುಕೊಳ್ಳಲಿ.