ತೇರ್ಸ್ ಶುರುವಾದರೆ ಪಪ್ಪ ಬಾವಿಕಟ್ಟೆಗೆ ಹೋಗುತ್ತಾರೆ

ಪ್ರಶ್ನೆ: ಅಕ್ಕಾ, ನನ್ನ ಪಪ್ಪನಿಗೆ 54 ವರ್ಷ. 19 ವರ್ಷ ಒಂದೇ ಗೇರುಬೀಜದ ಕಾರ್ಖಾನೆಯಲ್ಲಿ ಬೊರ್ಮಾದ (ಬೀಜ ಒಣಗಿಸುವ ಬಿಸಿಕೋಣೆ) ಬಿಸಿಯಲ್ಲಿ ದುಡಿದವರು. ಜೂನ್‌ನಲ್ಲಿ ಕಾರ್ಖಾನೆ ಮುಚ್ಚಿತು. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಊರಿಗೆ ಬರುತ್ತೇನೆ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಮಮ್ಮಿ ದಿನಾ ತೇರ್ಸಿನಲ್ಲಿ (ಮನೆಮಂದಿ ಸೇರಿ ಹೇಳುವ ಜಪಸರದ ಪ್ರಾರ್ಥನೆ) "ಇವರಿಗೊಂದು ಕೆಲಸ ಸಿಗಲಿ" ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ. ಪ್ರತಿ ಗುರುವಾರ ಬಿಕರ್ನಕಟ್ಟೆಯ ಬಾಲಯೇಸುವಿನ ನೊವೆನ ಪ್ರಾರ್ಥನೆಗೆ ಬಸ್ ಹತ್ತುತ್ತಾರೆ. ಪಪ್ಪ ಮಾತ್ರ ಮಮ್ಮಿ ಜಪಸರ ಕೈಗೆತ್ತಿಕೊಂಡ ಕೂಡಲೇ ಎದ್ದು ಬಾವಿಕಟ್ಟೆಗೆ ಹೋಗಿ ಕೂರುತ್ತಾರೆ. ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬ) ದಿನ ಹೊಸ ಅಕ್ಕಿಯನ್ನು ಹಾಲಿನಲ್ಲಿ ಕಲಸಿ ಹಂಚುವವರು ಯಾವಾಗಲೂ ಅವರೇ. ಈ ಸಲ "ನೀನೇ ಹಂಚು" ಎಂದು ಬಟ್ಟಲನ್ನು ಮಮ್ಮಿಯ ಕೈಗೆ ಕೊಟ್ಟುಬಿಟ್ಟರು. ಪಪ್ಪನ ವಿಶ್ವಾಸ ಹೋಯಿತೇ? ಫಾದರ್ ಹತ್ತಿರ ಹೇಳಲೇ? ಬರಬೇಕಾದ ದುಡ್ಡಿನ ಬಗ್ಗೆ ಕೇಳಿದರೂ ಮಾತಾಡುವುದಿಲ್ಲ.
— ಹೆಸರು ಬೇಡ, ಶಿರ್ವ

ಉತ್ತರ: ಮಗಳೇ, ನಿನ್ನ ಕಾಗದವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಆ ಬಾವಿಕಟ್ಟೆ ನನಗೆ ಗೊತ್ತು. ನಮ್ಮ ಮನೆಯಲ್ಲಿ ಅದು ಬಾವಿಕಟ್ಟೆಯಲ್ಲ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು.

ನಾನು ಜೆಪ್ಪುವಿನವಳು. ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ ದಂಡೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಚಿನಿಂದಲೇ. ಆಮೇಲೆ ಎಲ್ಲರೂ ತಾರಸಿ ಮನೆ ಕಟ್ಟತೊಡಗಿದರು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನನ್ನ ಅಪ್ಪನ ಕಾರ್ಖಾನೆ ಮುಚ್ಚಿದಾಗ ನನಗೆ 13. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಇಗರ್ಜಿಯ ಗಂಟೆಯಾದರೆ ಎಲೆ, ಹೊಗೆಸೊಪ್ಪು, ನೂಲು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಆಲ್ತಾರಿನ ಮುಂದೆ ಮೊಣಕಾಲೂರಿ, "ದೇವರೇ, ಇವರಿಗೊಂದು ಕೆಲಸ ಕೊಡು" ಎಂದು ಶುರು ಮಾಡುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದರು.

ಅಮ್ಮನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಆದರೆ ಅಪ್ಪನ ಕಿವಿಗೆ ಅದು ದಿನಾ ಸಂಜೆ ಏಳು ಗಂಟೆಗೆ, ಮಕ್ಕಳ ಎದುರಿಗೆ, ದೇವರ ಹತ್ತಿರ ಕೊಟ್ಟ ದೂರಿನಂತೆ ಕೇಳುತ್ತಿತ್ತು. ನಿನ್ನ ಪಪ್ಪ ದೇವರನ್ನು ಬಿಟ್ಟು ಎದ್ದು ಹೋಗುತ್ತಿಲ್ಲ ಮಗಳೇ. ಆ ಒಂದು ವಾಕ್ಯವನ್ನು ಕೇಳಲಾಗದೆ ಹೋಗುತ್ತಿದ್ದಾರೆ. ಮೊಂತಿ ಹಬ್ಬದ ಬಟ್ಟಲೂ ಅಷ್ಟೇ: ಹಂಚುವ ಹಕ್ಕು ತನಗಿನ್ನು ಇಲ್ಲ ಎಂದುಕೊಂಡಿದ್ದಾರೆ. ಫಾದರ್ ಹತ್ತಿರ ಈಗಲೇ ಹೇಳಬೇಡ, ಅದು ಇನ್ನೊಂದು ದೂರಾದೀತು.

ನಮ್ಮ ಮನೆಯಲ್ಲಿ ಇದನ್ನು ಸರಿಮಾಡಿದವರು ಅಜ್ಜಿ. ಒಂದು ಸಂಜೆ ಅಪ್ಪ ಏಳುವ ಮೊದಲೇ ಜಪಸರವನ್ನು ಅವರ ಕೈಗೆ ಹಾಕಿ, "ನನಗೆ ಉಸಿರು ಹಿಡಿಯುವುದಿಲ್ಲ, ಇವತ್ತು ನೀನೇ ಹೇಳಿಕೊಡು. ಆಚೆಮನೆ ಮಗುವಿಗೆ ಜ್ವರ ಬಿಟ್ಟಿಲ್ಲ, ಅದಕ್ಕೋಸ್ಕರ ಬೇಡು" ಎಂದರು. ಅಪ್ಪ ಬಹಳ ಹೊತ್ತು ಮಣಿಗಳನ್ನೇ ನೋಡುತ್ತಾ ಕೂತರು. ಮೊದಲ "ನಮಾನ್ ಮರಿಯೆ" ಹೇಳುವಾಗ ಗಂಟಲು ಕಟ್ಟಿತ್ತು. ಜಪಸರದ ಎರಡನೇ ಹತ್ತು ಮಣಿಗಳಿಗೆ ಬರುವಷ್ಟರಲ್ಲಿ ಸ್ವರ ಮೊದಲಿನಂತೆ ಮನೆ ತುಂಬಿತು. ಬೇರೆಯವರಿಗಾಗಿ ಬೇಡುವುದು ಅವರ ಕೈಯಲ್ಲಿ ಇನ್ನೂ ಇತ್ತು. ತೇರ್ಸ್ ಮುಗಿದ ಮೇಲೆ ನಾನು ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳಿದೆ. ಅವರು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ ಆ ವಾರಗಳಲ್ಲಿ ಅಮ್ಮ, ಅಜ್ಜಿಯ ಹತ್ತಿರ ಮಾತ್ರ ಕೇಳಿ ಮಲಗುತ್ತಿದ್ದೆ. ತಲೆಯ ಮೇಲಿಟ್ಟ ಅಂಗೈಯಲ್ಲಿ ಕಾರ್ಖಾನೆಯ ಮಣ್ಣಿನ ವಾಸನೆ ಇರಲಿಲ್ಲ. ಆ ಕೈ ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ, ನನಗೂ ಏಳಲು ಮನಸ್ಸಾಗಲಿಲ್ಲ.

ಕೆಲಸ ಸಿಕ್ಕಿದ್ದು ಏಳು ತಿಂಗಳ ಮೇಲೆ. ಒಂದು ಗೋದಾಮಿನಲ್ಲಿ ರಾತ್ರಿ ಕಾವಲು, ಸಂಬಳ ಮೊದಲಿಗಿಂತ ಕಡಿಮೆ. ಪ್ರಾರ್ಥನೆ ಮಾಡಿದ್ದಕ್ಕೆ ಕಾರ್ಖಾನೆ ತೆರೆಯಿತು ಎಂದು ನಾನು ನಿನಗೆ ಸುಳ್ಳು ಹೇಳಲಾರೆ. ಆ ಏಳು ತಿಂಗಳು ಅಪ್ಪ ಮನೆಯೊಳಗೆ ಇದ್ದರು, ನಮ್ಮ ಜೊತೆ ಇದ್ದರು.

ಮಮ್ಮಿಯ ಗುರುವಾರದ ನೊವೆನವನ್ನು ಯಾರೂ ತಪ್ಪಿಸಬೇಡಿ. ಮನೆಯಲ್ಲಿ ಅಳಲಾಗದವರಿಗೆ ಅಳಲೊಂದು ಜಾಗ ಬೇಕು. ಕೆಲಸದ ಬೇಡಿಕೆಯನ್ನು ಅಲ್ಲಿಯೇ ಇಡಲಿ, ತೇರ್ಸಿನಲ್ಲಿ ಗಟ್ಟಿಯಾಗಿ ಬೇಡ. ಇದನ್ನು ನೀನು ಅಡುಗೆಮನೆಯಲ್ಲಿ, ಅವರೊಬ್ಬರೇ ಇರುವಾಗ ಮೆಲ್ಲಗೆ ಹೇಳು. ಸಾಲ ಮಾಡಿ ಹರಕೆ ಹೊರುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಇನ್ನು ದುಡ್ಡು. ಒಂದೇ ಕಡೆ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ (ಕೆಲಸ ಮುಗಿದಾಗ ಮಾಲೀಕರು ಕೊಡಬೇಕಾದ ಹಣ) ಹಕ್ಕು, ಯಾರ ಕೃಪೆಯೂ ಅಲ್ಲ. ಲೆಕ್ಕ ಹೀಗೆ: ಕೊನೆಯ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ ಎಂದಿಟ್ಟುಕೋ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000. 19 ವರ್ಷಕ್ಕೆ 1,71,000 ರೂಪಾಯಿ. 30 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಪಿಎಫ್‌ನಲ್ಲಿ ಮುಕ್ಕಾಲು ಭಾಗ ತೆಗೆಯಲು ಅವಕಾಶವಿದೆ, ಆದರೆ ತಮ್ಮನ ಫೀಸಿಗೆ ಬೇಕಾದಷ್ಟೇ ತೆಗೆಯಿರಿ. ಪಿಎಫ್ ಜೊತೆಗಿನ ಪಿಂಚಣಿ 58ಕ್ಕೆ ಶುರುವಾಗುತ್ತದೆ. 50 ದಾಟಿದವರು ಮೊದಲೇ ಪಡೆಯಬಹುದು, ಆದರೆ ಮುಂಚಿನ ಒಂದೊಂದು ವರ್ಷಕ್ಕೂ ಶೇ. 4 ಕಡಿತ. ಆದಷ್ಟು ಕಾಯುವುದು ಒಳ್ಳೆಯದು. ಈ ಕಾಗದಗಳನ್ನು ನೀನೇ ತುಂಬಿಸಿ ಸಹಿಗೆ ಮುಂದಿಡಬೇಡ. "ಪಪ್ಪಾ, ನನಗೆ ಇದು ಅರ್ಥವಾಗುತ್ತಿಲ್ಲ, ಹೇಳಿಕೊಡಿ" ಎಂದು ಪಕ್ಕದಲ್ಲಿ ಕೂತುಕೋ. ಅಷ್ಟಕ್ಕೂ ಸಾಲದಿದ್ದರೆ ಕಷ್ಟದಲ್ಲಿರುವವರಿಗೆ ನೆರವಾಗುವ ಇಗರ್ಜಿಯ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ಕೇಳಲು ಸಂಕೋಚ ಬೇಡ.

ಈ ಶನಿವಾರ ತೇರ್ಸಿನಲ್ಲಿ ಯಾರಿಗೋಸ್ಕರ ಬೇಡಬೇಕು ಎಂದು ಪಪ್ಪನನ್ನೇ ಕೇಳು. ಅಂದೂ ಎದ್ದು ಹೋದರೆ ಹಿಂದಿನಿಂದ ಕರೆಯಬೇಡ. ಮುಗಿದ ಮೇಲೆ ತಮ್ಮನನ್ನೂ ಕರೆದುಕೊಂಡು ಬಾವಿಕಟ್ಟೆಗೇ ಹೋಗಿ ಬೆಸಾಂವ್ ಕೇಳು.