ನಡುವೆ ನಿಲ್ಲೋಕೆ ಅಲ್ಲಿ ಜಾಗವೇ ಇರಲಿಲ್ಲ

ಹೊಡೆದಾಡುವ ಎರಡು ಜನಾಂಗಗಳ ನಡುವೆ ಪಕ್ಕದ ದೇಶದ ಸೈನ್ಯ ನಿಂತರೆ ಶಾಂತಿ ಬರುತ್ತಾ ಅಂತ ಕೇಳಿದ್ದೀರಿ. ನಾನು ಹಾಗೆ ನಿಂತವನು. 1987ರಲ್ಲಿ, ಶ್ರೀಲಂಕಾದ ತಮಿಳರ ಊರು ಜಾಫ್ನಾದಲ್ಲಿ, ಭಾರತದ ಸೈನಿಕನಾಗಿ.

ಜುಲೈ 29ಕ್ಕೆ ನಮ್ಮ ಪ್ರಧಾನಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ, ಸಿಂಹಳೀಯರ ಕೈಯಲ್ಲಿದ್ದ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ನಾವು ಹೋದಾಗ ತಮಿಳರು ಹಾರ ಹಾಕಿ ಬರಮಾಡಿಕೊಂಡರು. 1983ರಲ್ಲಿ ತಮಿಳರ ಮೇಲೆ ನಡೆದ ಗಲಭೆಯಲ್ಲಿ ಕೊಲಂಬೊದ ಮನೆ ಕಳೆದುಕೊಂಡು ಬಂದಿದ್ದ ಒಬ್ಬ ಅಜ್ಜಿ ಬಾವಿಯಿಂದ ನೀರು ಸೇದಿ ಕೊಟ್ಟರು. ನನಗೆ ತಮಿಳು ಬರುತ್ತಿತ್ತು, ಹಾಗಾಗಿ ತುಕಡಿಗೆ ನಾನೇ ದುಭಾಷಿ. ಅಕ್ಟೋಬರ್‌ನಲ್ಲಿ ಅದೇ ಊರಲ್ಲಿ, ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ನಮ್ಮ ಯುದ್ಧ ಶುರುವಾಯಿತು. ಸಹಿ ಹಾಕಿದ್ದು ಎರಡು ಸರ್ಕಾರ. ಬಂದೂಕು ಹಿಡಿದು ಹೋರಾಡುತ್ತಿದ್ದವರ ಸಹಿ ಅದರಲ್ಲಿ ಇರಲೇ ಇಲ್ಲ.

ನವೆಂಬರ್‌ನಲ್ಲಿ ಒಂದು ಓಣಿಯ ಬಾಯಲ್ಲಿ ಅದೇ ಅಜ್ಜಿ ಸಿಕ್ಕರು. ಮುಂದೆ ನೆಲಬಾಂಬ್ ಇದೆಯಾ ಅಂತ ಕೇಳಿದೆ. ‘ತೆರಿಯಾದು ತಂಬಿ’ ಅಂದರು. ಗೊತ್ತಿಲ್ಲಪ್ಪ ಅಂತ. ನಾನು ಸಾಹೇಬರಿಗೆ ‘ಏನೂ ಇಲ್ಲವಂತೆ’ ಅಂದೆ.

ಆ ಒಂದು ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೀನೋ. ಭಾಷೆ ಬರದೆ ಆದ ತಪ್ಪಲ್ಲ ಅದು. ಗೊತ್ತಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ಇರುವ ವ್ಯತ್ಯಾಸ ಮಗುವಿಗೂ ಗೊತ್ತು. ನೀರು ಕೊಟ್ಟವರು, ಅಪಾಯ ಇದ್ದರೆ ಹೇಳದೆ ಇರುತ್ತಾರಾ ಅಂದುಕೊಂಡೆ. ಅವರು ನನ್ನ ಮುಖ ನೋಡದೆ ನೆಲ ನೋಡಿಕೊಂಡು ಉತ್ತರ ಕೊಟ್ಟಿದ್ದನ್ನು ಕಂಡಿದ್ದೆ. ಅದನ್ನೂ ಸಾಹೇಬರಿಗೆ ಹೇಳಲಿಲ್ಲ. ನಲವತ್ತು ಹೆಜ್ಜೆ ಹೋಗಿರಬೇಕು. ನನ್ನ ಮುಂದಿದ್ದ ಗೆಳೆಯನ ಎಡಗಾಲು ಹೋಯಿತು.

ಅಜ್ಜಿ ಮೇಲೆ ಮೊದಲು ಕೋಪ ಬಂತು. ಆಮೇಲೆ ಅರ್ಥವಾಯಿತು. ಇದೆ ಅಂದಿದ್ದರೆ ರಾತ್ರಿ ಎಲ್‌ಟಿಟಿಇ ಹುಡುಗರು ಬಂದು ಕೇಳುತ್ತಿದ್ದರು. ಇಲ್ಲ ಅಂದು ಬಾಂಬ್ ಸಿಡಿದಿದ್ದರೆ ನಾವು ಕೇಳುತ್ತಿದ್ದೆವು. ಕೈಯಲ್ಲಿ ರೈಫಲ್ ಹಿಡಿದು ನಾನು ಕೇಳಿದ್ದಕ್ಕೆ ಅವರ ಹತ್ತಿರ ಇದ್ದದ್ದು ಅದೊಂದೇ ಉತ್ತರ.

ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿರುವ ‘ನಡುವೆ’ ಅನ್ನೋದನ್ನೇ ನಾನು ಒಪ್ಪಲ್ಲ. ತಮಿಳರಿಗೆ ನಾವು ಇನ್ನೊಂದು ಸೈನ್ಯವಾದೆವು. ಸಿಂಹಳೀಯರಿಗೆ ಮೊದಲಿಂದಲೂ ಹೊರಗಿನವರೇ. 1989ರಲ್ಲಿ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ ಅವರೇ ಹೊರಡಿ ಅಂದರು, ಎಲ್‌ಟಿಟಿಇ ಜೊತೆ ಮಾತುಕತೆಗೂ ಕೂತರು. 1990ರ ಮಾರ್ಚ್‌ನಲ್ಲಿ ನಾವು ವಾಪಸ್ ಬಂದೆವು. ನಮ್ಮ ಕಡೆ ಸತ್ತವರೇ ಸಾವಿರಕ್ಕೂ ಜಾಸ್ತಿ. ಅಲ್ಲಿಯ ಯುದ್ಧ 2009ರವರೆಗೂ ನಡೆಯಿತು.

ಪಕ್ಕದ ದೇಶ ಒತ್ತಡ ಹಾಕಲಿ, ನಿರಾಶ್ರಿತರಿಗೆ ಬಾಗಿಲು ತೆರೆಯಲಿ, ಮಾತುಕತೆಗೆ ಕೂರಿಸಲಿ. ಸೈನ್ಯ ಕಳಿಸಲೇಬೇಕು ಅನ್ನುವವರು, ಹೋರಾಡುತ್ತಿರುವ ಎಲ್ಲರ ಸಹಿಯನ್ನೂ ಮೊದಲು ತೋರಿಸಲಿ. ಆ ಗೆಳೆಯ ಈಗಲೂ ಫೋನ್ ಮಾಡುತ್ತಾನೆ. ಅಜ್ಜಿ ನಿಜವಾಗಿ ಏನಂದರು ಅಂತ ಅವನಿಗೆ ಹೇಳೋಕೆ ನನಗೆ ಹನ್ನೊಂದು ವರ್ಷ ಬೇಕಾಯಿತು.