ಅಕ್ಕನ ನಾಲ್ಕನೇ ಜ್ವರ

ಈ ವಾರ ಮೇಜಿನ ಮೇಲಿರುವ ಪತ್ರಗಳಲ್ಲಿ ಒಂದು ವಿಚ್ಛೇದನದ್ದು, ಎರಡು ಆಸ್ತಿ ಪಾಲಿನವು. ಮೂರನ್ನೂ ಪಕ್ಕಕ್ಕೆ ಸರಿಸಿ ಬೇಸಿಗೆ ಪ್ರವಾಸದ ಪತ್ರವೊಂದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ಆ ಮೂವರು ಮನ್ನಿಸಬೇಕು. ಕೋರ್ಟಿನ ದಿನಾಂಕ ಮುಂದಕ್ಕೆ ಹೋಗುತ್ತದೆ, ರೇಷ್ಮೆ ಹುಳು ಯಾರಿಗೂ ಕಾಯುವುದಿಲ್ಲ.

ಬರೆದವರು ತುಮಕೂರಿನ ಪ್ರೌಢಶಾಲೆಯೊಂದರ ಶಿಕ್ಷಕಿ, ವಯಸ್ಸು 51. ಅಕ್ಕನಿಗೆ 57. ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ, ರೇಷ್ಮೆ ಹುಳು ಸಾಕುವ ಮನೆಗೆ. ತಂಗಿಯ ಮದುವೆಯಾಗಿ 26 ವರ್ಷವಾಯಿತು. ಅಂದಿನಿಂದ ಇಬ್ಬರೂ ಸೇರಿ ಎಲ್ಲಿಗೂ ಹೋದದ್ದಿಲ್ಲ. ತಿಥಿ, ಗೃಹಪ್ರವೇಶ, ಆಸ್ಪತ್ರೆ ಬಿಟ್ಟರೆ ಒಂದೇ ಸೂರಿನಡಿ ಮಲಗಿದ್ದೂ ಇಲ್ಲ. ಈ ಬೇಸಿಗೆಯಲ್ಲಿ ಮೂರು ದಿನ, ಇಬ್ಬರೇ, ಹಸಿರಿರುವ ಕಡೆ ಹೋಗಿ ಬರೋಣವೆಂದು ತಂಗಿ ಹೊರಟಿದ್ದಾರೆ. ಮಗ ಬೆಂಗಳೂರಿನಿಂದ ಪಟ್ಟಿ ಕಳಿಸಿದ್ದಾನೆ: ಬಂಡೀಪುರ, ಕುದುರೆಮುಖ, ಕೆಮ್ಮಣ್ಣುಗುಂಡಿ. ಮೇ 9ರಿಂದ 11 ಎಂದು ದಿನವನ್ನೂ ಅವನೇ ಗೊತ್ತು ಮಾಡಿದ್ದಾನೆ. ಅಕ್ಕ ಮಾತ್ರ ಯಾವ ಹೆಸರು ಹೇಳಿದರೂ 'ನಂದಿ ಬೆಟ್ಟಕ್ಕೇ ಹೋಗೋಣ ಬಿಡು' ಎನ್ನುತ್ತಾರೆ. ತಂಗಿಗೆ ಸಿಟ್ಟು. ಅಕ್ಕನ ಮನೆಯ ತಾರಸಿ ಹತ್ತಿದರೆ ಕಾಣುವ ಬೆಟ್ಟಕ್ಕೆ ಪ್ರವಾಸ ಹೋಗಬೇಕೇ? 'ನನ್ನ ಅಕ್ಕನಿಗೆ ಆಸೆಯೇ ಸತ್ತುಹೋಗಿದೆಯೇ? ಅವಳನ್ನು ಒಪ್ಪಿಸುವುದು ಹೇಗೆ?' ಇದು ಪ್ರಶ್ನೆ.

ಮೇಡಂ, ನಿಮ್ಮದು ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೊನೆಯಲ್ಲಿ ಅರ್ಧ ಸಾಲು ಹೀಗಿದೆ: 'ಆ ದಿನಗಳಲ್ಲಿ ಹುಳು ನಾಲ್ಕನೇ ಜ್ವರ ಎದ್ದಿರುತ್ತದೆ ಅಂತ ಅದೊಂದು ನೆಪ ಬೇರೆ.' ಮುಂದಿನ ಸಾಲಿಗೇ ನೀವು ಕೆಮ್ಮಣ್ಣುಗುಂಡಿಯ ಗುಲಾಬಿ ತೋಟಕ್ಕೆ ಹಾರಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ.

ರೇಷ್ಮೆ ಸೀಮೆಯವರಲ್ಲದ ಓದುಗರಿಗೆ ಇದು ಒಗಟಾದೀತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಒಂದು ದಿನದಷ್ಟು ಕಾಲ ಅಲ್ಲಾಡದೆ ಕೂರುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ, ಅದು ಮುಗಿದರೆ ಹುಳು 'ಜ್ವರ ಎದ್ದಿತು' ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಮಾತ್ರ ಬೇರೆಯೇ. ತನ್ನ ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಅದು ತಿಂದು ಮುಗಿಸುವುದು ಆಮೇಲಿನ ಆ ಒಂದೇ ವಾರದಲ್ಲಿ. ಆ ವಾರ ಸೊಪ್ಪು ತಪ್ಪಿದರೆ ಗೂಡು ಜೊಳ್ಳಾಗುತ್ತದೆ. ಮೇ ತಿಂಗಳಾದರೆ ಸೆಕೆ ಬೇರೆ. ಹುಳು ಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಅದು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ನಿಮ್ಮ ಮಗ ಆರಿಸಿದ ಮೂರು ದಿನ ಆ ವಾರದೊಳಗೇ ಬಿದ್ದಿದೆ. ನಿಮಗೆ ವಾರ್ಷಿಕ ಪರೀಕ್ಷೆಯ ಬೆಳಿಗ್ಗೆ ಊಟಿಗೆ ಹೊರಡು ಎಂದರೆ ಹೇಗಿರುತ್ತದೆ? ಪರೀಕ್ಷೆಯನ್ನಾದರೂ ಮುಂದೂಡಬಹುದು.

ನನ್ನ ಚಿಕ್ಕಮ್ಮನೊಬ್ಬಳು ಹುಳು ಸಾಕುತ್ತಿದ್ದಳು. ಆಗೆಲ್ಲ ಹುಳುವಿಗೆ ಬೇರೆ ಮನೆ ಇರಲಿಲ್ಲ, ನಡುಮನೆಯಲ್ಲೇ ತಟ್ಟೆಗಳ ಅಟ್ಟಣೆ. ರಜೆಗೆ ಹೋದ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಮೂಸುತ್ತಿದ್ದಳು. ಪೌಡರ್ ಹಾಕಿದ್ದರೆ ಮುಖ ತೊಳೆದು ಬಾ ಎನ್ನುತ್ತಿದ್ದಳು. ಒಣಮೆಣಸಿನಕಾಯಿ ಒಗ್ಗರಣೆಯನ್ನು ಹಿತ್ತಲಿನ ಮೂರು ಕಲ್ಲಿನ ಒಲೆಯಲ್ಲಿ ಹಾಕಿ ಪಾತ್ರೆಯನ್ನು ಮುಚ್ಚಿಕೊಂಡು ತರುತ್ತಿದ್ದಳು. ಅವಳ ಬಲಗೈ ಹೆಬ್ಬೆರಳ ಸಂದಿಯಲ್ಲಿ ಸೊಪ್ಪಿನ ಕರೆ ಕಪ್ಪಗೆ ಕೂತಿತ್ತು. ಮಗಳ ಧಾರೆಯ ದಿನ ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಆ ಧಾರೆಯ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮದುಮಗಳ ತಾಯಿ ಪಂಕ್ತಿಯಲ್ಲಿರಲಿಲ್ಲ. ರೇಷ್ಮೆ ಸೀರೆಯ ಮೇಲೆ ಹಳೇ ಪಂಚೆಯೊಂದನ್ನು ಸುತ್ತಿಕೊಂಡು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಹಾಗಾಗಿ 'ನೆಪ' ಎಂಬ ಪದ ಓದಿದಾಗ ನನಗೆ ಸ್ವಲ್ಪ ಉರಿಯಿತು. ಮುಚ್ಚಿಡುವುದಿಲ್ಲ.

ನಿಮ್ಮ ಅಕ್ಕ ನಂದಿ ಎನ್ನುತ್ತಿರುವುದು ನಂದಿಯ ಮೇಲಿನ ಮೋಹಕ್ಕಲ್ಲ. ಬೆಳಗಿನ ಸೊಪ್ಪು ಹಾಕಿ ಹೊರಟರೆ ಸಂಜೆಯ ಸೊಪ್ಪಿಗೆ ಹಿಂತಿರುಗಬಹುದಾದ ಬೆಟ್ಟ ಅದೊಂದೇ. ಅದು ಅವರ ಆಸೆಯಲ್ಲ, ಅವರಿಗೆ ಕಟ್ಟಿರುವ ಹಗ್ಗದ ಉದ್ದ. ಹುಳು ಇರುವ ಆ ವಾರದಲ್ಲೂ ತಂಗಿ ಕರೆದಳೆಂದು ಅರ್ಧ ದಿನ ಕದ್ದು ಬರಲು ಸಿದ್ಧರಿದ್ದಾರಲ್ಲ, ಆಸೆ ಸತ್ತವರು ಹೀಗೆ ಮಾಡುತ್ತಾರೆಯೇ?

ಹಗ್ಗ ಕಟ್ಟಿದವರು ಯಾರು ಎಂಬುದಕ್ಕೆ ಬರುತ್ತೇನೆ. ನಿಮ್ಮ ಭಾವನ ಬಗ್ಗೆ ನೀವು ಬಹಳ ಗೌರವದಿಂದ ಬರೆದಿದ್ದೀರಿ. ಹದಿನೆಂಟು ವರ್ಷದಿಂದ ಮಾಲೆ ಹಾಕುತ್ತಿದ್ದಾರೆ, ಈಗ ಊರಿಗೇ ಗುರುಸ್ವಾಮಿ, ದೈವಭಕ್ತರು, ಪ್ರವಾಸದ ವಿಷಯ ಎತ್ತಿದಾಗ ನಕ್ಕು 'ಕರೆದುಕೊಂಡು ಹೋಗಮ್ಮ, ಹುಳುವನ್ನೂ ಜೊತೆಗೇ ಕರೆದುಕೊಂಡು ಹೋಗು' ಎಂದರು. ನಿಮಗೆ ಅದು ತಮಾಷೆಯಾಗಿ ಕೇಳಿಸಿದೆ. ನನಗೆ ಅಯ್ಯಪ್ಪನ ಮೇಲೆ ಯಾವ ತಕರಾರೂ ಇಲ್ಲ, ತಕರಾರು ಲೆಕ್ಕದ ಮೇಲೆ. ವರ್ಷಕ್ಕೆ ಐದು ದಿನದಂತೆ ಹದಿನೆಂಟು ವರ್ಷಕ್ಕೆ ತೊಂಬತ್ತು ದಿನ. ಆ ತೊಂಬತ್ತು ದಿನ ಸೊಪ್ಪು ಕೊಯ್ದವರು ಯಾರು? ಗುರುಸ್ವಾಮಿಗಳು ಇರುಮುಡಿ ಹೊತ್ತು ಹೊರಟಾಗ ಹುಳುವನ್ನೂ ಹೊತ್ತುಕೊಂಡು ಹೋಗಿ ಎಂದು ಯಾರಾದರೂ ನಕ್ಕರೇ? ತೊಂಬತ್ತರಲ್ಲಿ ಮೂರು ದಿನ ಹಿಂತಿರುಗಿಸುವುದು ಉಪಕಾರವೇನಲ್ಲ. ಆದರೂ ಈ ಜಗಳವನ್ನು ನೀವು ಈಗ ಆಡಬೇಡಿ. ಆಡಬೇಕಾದವರು ನಿಮ್ಮ ಅಕ್ಕ, ಅವರಿಗೆ ಬೇಕೆನಿಸಿದಾಗ. ನೀವು ಆಡಿ ಬಸ್ಸು ಹತ್ತಿ ತುಮಕೂರಿಗೆ ಬಂದುಬಿಡುತ್ತೀರಿ, ಅದರ ಬಿಸಿ ಅಲ್ಲೇ ಇರುವವರಿಗೆ ತಟ್ಟುತ್ತದೆ.

ಈಗ ಪಂಚಾಂಗ ನೋಡೋಣ. ಮೇ 9ರ ಹೊತ್ತಿಗೆ ಜ್ವರ ಎದ್ದರೆ ಇನ್ನೊಂದು ವಾರದಲ್ಲಿ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಂಕಿಗೆ, ಬಿಟ್ಟು ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರುವಾಗ ಮೇ 23ರ ಆಸುಪಾಸು. ಆಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಬಾಗಿಲು ಹಾಕುತ್ತಾರೆ. ಅಕ್ಕನಿಗಿರುವುದು ಒಂದೇ ಎಕರೆ ತೋಟ ಎಂದು ನೀವೇ ಬರೆದಿದ್ದೀರಿ. ಕೊಯ್ದ ತೋಟ ಮತ್ತೆ ಚಿಗುರುವವರೆಗೆ ಹೊಸ ಚಾಕಿ ಹುಳು, ಅಂದರೆ ಮರಿ ಹುಳು, ತರುವಂತಿಲ್ಲ. ಅಂದರೆ ನಿಮ್ಮ ಶಾಲೆ ತೆರೆಯುವ ಮೊದಲು ನಿಮ್ಮಿಬ್ಬರಿಗೂ ನಾಲ್ಕೈದು ದಿನ ಒಟ್ಟಿಗೆ ಬಿಡುವಾಗುತ್ತದೆ. ಈ ಲೆಕ್ಕ ಎರಡು ದಿನ ಆಚೀಚೆ ಆಗಬಹುದು. ಸರಿಯಾದ ದಿನ ನಿಮ್ಮ ಅಕ್ಕನಿಗೆ ಗೊತ್ತು. ಯಾರೂ ಕೇಳಿಲ್ಲ, ಅಷ್ಟೇ. ಇಷ್ಟರ ಮೇಲೆ ಆ ಹೊತ್ತಿಗೆ ಕೃತ್ತಿಕೆ ಮಳೆ ಮುಗಿಯುತ್ತ ಬಂದಿರುತ್ತದೆ. ಮೇ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಬೆಟ್ಟಗಳಿಗೆ ಬಣ್ಣ ಹೆಚ್ಚು.

ಜಾಗದ ವಿಷಯಕ್ಕೆ ಬಂದರೆ ನನ್ನ ಹಳೆಯ ಹಟ ಈ ಅಂಕಣದ ಓದುಗರಿಗೆ ಗೊತ್ತು: ನೋಡುವ ಜಾಗಕ್ಕಿಂತ ಕೂರುವ ಜಾಗ ಮೇಲು. ಆ ತಕ್ಕಡಿಯಲ್ಲಿ ಬಂಡೀಪುರ ಮೊದಲೇ ಬಿದ್ದುಹೋಗುತ್ತದೆ. 1973ರಲ್ಲಿ ಹುಲಿ ಯೋಜನೆಗೆ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು, ಅದರ ಹಿರಿಮೆ ನನಗೆ ಗೊತ್ತು. ಆದರೆ ಸಫಾರಿಯ ವಾಹನದಲ್ಲಿ ಮಾತನಾಡುವಂತಿಲ್ಲ. 26 ವರ್ಷದ ಮಾತು ಬಾಕಿಯಿರುವ ಇಬ್ಬರು ಹೆಂಗಸರನ್ನು ಬಾಯಿ ಮುಚ್ಚಿಸಿ ಕೂರಿಸುವ ಕಾಡು ಯಾವ ಸೀಮೆಯ ವಿಶ್ರಾಂತಿ? ಕುದುರೆಮುಖ ನಡೆಯುವವರ ಬೆಟ್ಟ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ನಿಮ್ಮ ಮಗ ತನಗೆ ಬೇಕಾದ ಪ್ರವಾಸವನ್ನು ನಿಮಗೆ ಕಳಿಸಿದ್ದಾನೆ.

ಕೆಮ್ಮಣ್ಣುಗುಂಡಿ ಪರವಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಆರಿಸಿಕೊಂಡ ಜಾಗ, 1,434 ಮೀಟರ್ ಎತ್ತರ. ವಸತಿಗೃಹಗಳಿವೆ. ಬೆಳಿಗ್ಗೆ ಮಂಜು ಕರಗುವವರೆಗೆ ಶಾಲು ಹೊದ್ದು ತೋಟದಲ್ಲಿ ಸುಮ್ಮನೆ ಕೂರಬಹುದು. ನಿಮ್ಮ ಊರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆಯಲ್ಲಿ ಇಳಿಯಬಹುದು. ತಿಪಟೂರು, ಅರಸೀಕೆರೆ, ಬೀರೂರು ದಾಟುವಷ್ಟರಲ್ಲಿ ತಂದ ಚಿತ್ರಾನ್ನ ಖಾಲಿಯಾಗಿರುತ್ತದೆ.

ನಂದಿಯನ್ನೂ ಹೀನಾಯ ಮಾಡಬೇಡಿ. ತಾರಸಿಯಿಂದ ಕಾಣುತ್ತದೆ ಎಂಬುದೊಂದೇ ಅದರ ತಪ್ಪು. ಅದು ಕೆಮ್ಮಣ್ಣುಗುಂಡಿಗಿಂತಲೂ ಎತ್ತರ, 1,478 ಮೀಟರ್. 1927ರ ಬೇಸಿಗೆಯಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟಾಗ ಸುಧಾರಿಸಿಕೊಳ್ಳಲು ಬಂದು ತಂಗಿದ್ದು ಅಲ್ಲೇ. ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು ನೋಡಿದ್ದೀರಾ? ನಾಲ್ಕೂ ಕಡೆ ಮೆಟ್ಟಿಲು, ಯಾವ ಹೊತ್ತಿನಲ್ಲೂ ಒಂದು ಬದಿಗೆ ನೆರಳು. ಕೂರುವ ಜಾಗಕ್ಕೆ ಅದಕ್ಕಿಂತ ಬೇಕೇ? ಆದರೆ ನಂದಿಗೆ ಹೋಗುವುದಾದರೆ ರಾತ್ರಿ ಅಲ್ಲೇ ಉಳಿಯಬೇಕು, ಶನಿವಾರ ಭಾನುವಾರ ಬಿಟ್ಟು. ವಾರಾಂತ್ಯದಲ್ಲಿ ಸೂರ್ಯ ಹುಟ್ಟುವ ಮೊದಲೇ ಬೆಂಗಳೂರಿನ ವಾಹನಗಳೆಲ್ಲ ಅಲ್ಲಿ ಹುಟ್ಟಿರುತ್ತವೆ. ಸಂಜೆ ಸೊಪ್ಪಿಗೆ ಓಡಿಬರುವ ನಂದಿ ಮಾತ್ರ ಬೇಡ.

ಇವೆರಡರಲ್ಲಿ ಯಾವುದೆಂದು ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ನೀವು ಮಾಡಬೇಕಾದದ್ದು ಒಂದೇ. ಮಗನ ಪಟ್ಟಿಯನ್ನು ಮೊಬೈಲ್‌ನಿಂದ ಅಳಿಸಿ. ಅಕ್ಕನಿಗೆ ಫೋನ್ ಮಾಡಿ 'ಈ ಸಲದ ಗೂಡು ಯಾವತ್ತು ಬಿಡಿಸುತ್ತೀಯ?' ಎಂದಷ್ಟೇ ಕೇಳಿ. ಅವರು ಹೇಳಿದ ದಿನಕ್ಕೆ ಎರಡು ದಿನ ಸೇರಿಸಿ, 'ಆವತ್ತು ಹೊರಡೋಣ, ಎಲ್ಲಿಗೆ ಅಂತ ನೀನು ಹೇಳು' ಎನ್ನಿ. ಆಮೇಲೆ ಸುಮ್ಮನಿರಿ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಗಾಬರಿಯಾಗಿ ನೀವೇ ಒಂದು ಹೆಸರು ಸೂಚಿಸಲು ಹೋಗಬೇಡಿ, ಶಿಕ್ಷಕಿಯರಿಗೆ ಈ ಚಟ ಬಹಳ. ನಾವಿಬ್ಬರೂ ಕೇಳಿರದ ಊರೊಂದು ಅವರ ಬಾಯಿಂದ ಬಂದರೂ ಬರಬಹುದು.

ಫೋನನ್ನು ರಾತ್ರಿ ಒಂಬತ್ತರ ಮೇಲೆ ಮಾಡಿ. ಅದಕ್ಕೆ ಮೊದಲು ಸೊಪ್ಪು ಹಾಕುವ ಹೊತ್ತು. ಕರೆ ಭಾವ ಎತ್ತಿಕೊಳ್ಳುತ್ತಾರೆ.